ಬೆನ್ನ ಮೇಲಿನ ಬರಹ

ಹಳೆಯ ಧ್ವನಿವರ್ಧಕವೊಂದನ್ನು ತಂದು ಅದರ ಕಾಲವನ್ನು ಕೇಳುವವರು ಸಾಮಾನ್ಯವಾಗಿ ಅದರ ಮುಖವನ್ನು ನನ್ನ ಕಡೆಗೆ ಮಾಡಿ ಇಡುತ್ತಾರೆ. ಇದು ಸಹಜವಾದುದೇ, ನೆಯ್ಗೆಯ ಪರದೆ, ಮರದ ಎಳೆಗಳ ಸೊಗಸು, ಮೂಲೆಯಲ್ಲಿ ಮಿನುಗುವ ಹಿತ್ತಾಳೆಯ ನಾಮಫಲಕ, ಇವೆಲ್ಲವೂ ಇರುವುದು ಮುಂಭಾಗದಲ್ಲಿ, ಮತ್ತು ಇವೆಲ್ಲವನ್ನೂ ತಯಾರಕನು ನೋಡುವವರ ಕಣ್ಣಿಗಾಗಿಯೇ ರಚಿಸಿದನು. ಆದರೆ ನಾನು ಮೊದಲು ಮಾಡುವ ಕೆಲಸವು ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ಅದರ ಬೆನ್ನನ್ನು ಬೆಳಕಿಗೆ ತಿರುಗಿಸುವುದು. ಯಾರೂ ನೋಡಲಾರರೆಂಬ ಭಾವನೆಯಿಂದ ಅಂಟಿಸಿದ ಚೀಟಿ, ಅವಸರದಲ್ಲಿ ಒತ್ತಿದ ಮುದ್ರೆ, ಪರೀಕ್ಷಕನು ಸೀಸದಕಡ್ಡಿಯಿಂದ ಗೀಚಿದ ಅಂಕೆ, ಇವು ಅಲ್ಲಿರುತ್ತವೆ. ಮಾರಾಟದ ಉದ್ದೇಶವಿಲ್ಲದೆ ಬರೆದ ಬರಹವು ನಿಜವನ್ನು ಹೇಳುವ ಸಂಭವ ಹೆಚ್ಚು.

ಮುಖವು ಹೇಳುವುದೆಲ್ಲ ಸುಳ್ಳೆಂಬುದು ನನ್ನ ಅಭಿಪ್ರಾಯವಲ್ಲ. ಆದರೆ ಪರದೆಯನ್ನು ಬದಲಾಯಿಸಬಹುದು, ಮರಕ್ಕೆ ಹೊಸದಾಗಿ ಪಾಲಿಶ್ ಕೊಡಬಹುದು, ಒಂದು ಪೆಟ್ಟಿಗೆಯ ಫಲಕವನ್ನು ಕಿತ್ತು ಇನ್ನೊಂದಕ್ಕೆ ಹೊಡೆಯಬಹುದು. ಇವೆಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಜನಪ್ರಿಯವಾದ ಮಾದರಿಯ ಮುಖಲಕ್ಷಣವನ್ನು ತಯಾರಕರು ವರ್ಷಗಟ್ಟಲೆ ಹಾಗೆಯೇ ಉಳಿಸಿಕೊಂಡು ಬರುತ್ತಿದ್ದರು. ಇಂಗ್ಲೆಂಡಿನ ಹಂಟಿಂಗ್‌ಡನ್ನಿನಲ್ಲಿ ಪೀಟರ್ ವಾಕರನು ನಿರ್ಮಿಸಿದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಧ್ವನಿವರ್ಧಕವು 1957ರಲ್ಲಿ ಮಾರುಕಟ್ಟೆಗೆ ಬಂದಿತು. ಬಾಗಿದ ಲೋಹದ ಜಾಲರಿಯ ಅದರ ರೂಪವು 1980ರ ದಶಕದವರೆಗೂ ಹೆಚ್ಚುಕಡಿಮೆ ಅದೇ ಆಗಿ ಉಳಿಯಿತು. ಎದುರಿಗೆ ನಿಂತು ನೋಡಿದವನಿಗೆ ಕಾಲು ಶತಮಾನದ ಅಂತರವು ಕಾಣುವುದೇ ಇಲ್ಲ. ಹಿಂದೆ ಹೋಗಿ ನೋಡಿದರೆ ಸಂಸ್ಥೆಯ ಹೆಸರೇ ಬೇರೆಯಾಗಿರುವುದುಂಟು: ಬಹುಕಾಲ ಅದು ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, 1983ರಿಂದ ಈಚೆಗೆ ಕ್ವಾಡ್ ಎಲೆಕ್ಟ್ರೊಅಕೌಸ್ಟಿಕ್ಸ್.

ಕನ್ನಡ ನಾಡಿನವರಿಗೆ ಈ ಬಗೆಯ ವಿಚಾರಣೆ ಹೊಸದೇನೂ ಅಲ್ಲ. ಹಲ್ಮಿಡಿಯ ಶಾಸನದಲ್ಲಿ ವರ್ಷದ ಉಲ್ಲೇಖವಿಲ್ಲ. ಆದರೂ ಅಕ್ಷರಗಳ ಆಕಾರವನ್ನೂ ಭಾಷೆಯ ರೂಪವನ್ನೂ ಅದರಲ್ಲಿ ಬರುವ ಹೆಸರುಗಳನ್ನೂ ಒಂದರೊಡನೊಂದು ತೂಗಿ ನೋಡಿ ವಿದ್ವಾಂಸರು ಅದನ್ನು ಕ್ರಿ.ಶ. 450ರ ಸುಮಾರಿನದೆಂದು ನಿರ್ಣಯಿಸಿದರು. ಧ್ವನಿವರ್ಧಕದ ಕಾಲನಿರ್ಣಯದಲ್ಲಿಯೂ ಮಾರ್ಗ ಇದೇ. ಒಂದೊಂದು ಸಾಕ್ಷ್ಯವೂ ತನ್ನಷ್ಟಕ್ಕೆ ತಾನು ಹೇಳುವುದು ಅತ್ಯಲ್ಪ: 'ಇದು ಇಂಥ ವರ್ಷಕ್ಕಿಂತ ಹಿಂದಿನದಾಗಿರಲಾರದು' ಎಂಬಷ್ಟು ಮಾತ್ರ. ಮೂಲದಲ್ಲಿಯೇ ಇದ್ದುವೆಂದು ನಂಬಬಹುದಾದ ಅಂಗಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ ಅದರ ವರ್ಷವೇ ಇಡೀ ಪೆಟ್ಟಿಗೆಯ ಹಿಂದಿನ ಎಲ್ಲೆ. ಈ ಸೂತ್ರವನ್ನು ಒಪ್ಪದೆ, ಇರುವುದರಲ್ಲಿ ಅತ್ಯಂತ ಹಳೆಯ ಭಾಗವನ್ನು ಹಿಡಿದುಕೊಂಡು ಇಡೀ ವಸ್ತುವಿಗೆ ಅದರ ವಯಸ್ಸನ್ನು ಹೊರಿಸುವುದು ಮಾರಾಟಗಾರರಲ್ಲಿ ಸಾಮಾನ್ಯವಾಗಿದೆ; ಕೊಳ್ಳುವವನು ಈ ಒಂದು ವಿಷಯದಲ್ಲಿ ಎಚ್ಚರವಾಗಿದ್ದರೆ ಬೇಕಾದಷ್ಟಾಯಿತು.

ಬೆನ್ನಿನ ಬರಹಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದುದು ವಿಳಾಸ. ಅಮೆರಿಕದ ಅಂಚೆ ಇಲಾಖೆಯು 1943ರಲ್ಲಿ ದೊಡ್ಡ ನಗರಗಳನ್ನು ವಲಯಗಳಾಗಿ ವಿಂಗಡಿಸಿ, ಊರಿನ ಹೆಸರಿನ ಮುಂದೆ ಒಂದೆರಡು ಅಂಕೆಗಳ ಸಂಖ್ಯೆಯನ್ನು ಬರೆಯುವ ಪದ್ಧತಿಯನ್ನು ತಂದಿತು. 1963ರ ಜುಲೈಯಲ್ಲಿ ಅದನ್ನು ಬಿಟ್ಟು ಐದಂಕಿಯ ಜಿಪ್ ಸಂಖ್ಯೆಯನ್ನು ಜಾರಿಗೊಳಿಸಿತು. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಂಬಿಬ್ಬರು 1952ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ನಗರದಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ವಾಯುವನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡು ಗಂಭೀರವಾದ ಮಂದ್ರಸ್ವರವನ್ನು ಹೊರಡಿಸುವ ತಮ್ಮ ಮೊದಲ ಧ್ವನಿವರ್ಧಕವನ್ನು 1954ರಲ್ಲಿ ಹೊರತಂದರು. ಅವರ ಚೀಟಿಯ ಮೇಲೆ 'ಥಾರ್ನ್‌ಡೈಕ್ ಬೀದಿ, ಕೇಂಬ್ರಿಜ್ 41' ಎಂದಿದ್ದರೆ, ಆ ನಲವತ್ತೊಂದು ಎಂಬ ಸಂಖ್ಯೆಯೊಂದರಿಂದಲೇ ಪೆಟ್ಟಿಗೆಯ ಕಾಲವು 1954 ಮತ್ತು 1963ರ ನಡುವೆ ಬಂದು ನಿಲ್ಲುತ್ತದೆ. ಅದೇ ಬೀದಿಯ ಹೆಸರಿನೊಡನೆ 02141 ಎಂದಿದ್ದರೆ ಕಾಲವು ಅದರ ಈಚೆಗೆ ಸರಿಯುತ್ತದೆ. ನಾರ್‌ವುಡ್ ಎಂಬ ಊರಿನ ಹೆಸರಿದ್ದರೆ ನಾವು 1970ರ ದಶಕವನ್ನು ಪ್ರವೇಶಿಸಿದಂತಾಯಿತು. ಲಾಸ್ ಏಂಜಲೀಸಿನ ಜೆ.ಬಿ.ಎಲ್. ಧ್ವನಿವರ್ಧಕಗಳ ಮೇಲಿನ 'ಲಾಸ್ ಏಂಜಲೀಸ್ 39' ಎಂಬುದಕ್ಕೂ ಇದೇ ನ್ಯಾಯ. ಮುದ್ರಿಸಿಟ್ಟ ಚೀಟಿಗಳು ಮುಗಿಯುವವರೆಗೂ ಕಾರ್ಖಾನೆಯವರು ಹಳೆಯದನ್ನೇ ಬಳಸಿರಬಹುದಾದುದರಿಂದ, ಎಲ್ಲೆಯನ್ನು ಒಂದೆರಡು ವರ್ಷ ಸಡಿಲವಾಗಿ ಹಿಡಿಯಬೇಕು. ಸಂಗೀತಕ್ಕೂ ಧ್ವನಿಶಾಸ್ತ್ರಕ್ಕೂ ಏನೇನೂ ಸಂಬಂಧವಿಲ್ಲದ ಅಂಚೆಯ ಆಜ್ಞೆಯೊಂದು ಧ್ವನಿಪೆಟ್ಟಿಗೆಯ ಜನ್ಮಕಾಲಕ್ಕೆ ಸಾಕ್ಷಿಯಾಗಿ ನಿಲ್ಲುವುದು ನನಗೆ ಈಗಲೂ ಸಂತೋಷವನ್ನುಂಟುಮಾಡುವ ಸಂಗತಿ.

ವಿಳಾಸವು ಹರಿದುಹೋಗಿದ್ದರೆ ಪೆಟ್ಟಿಗೆಯೊಳಗೆ ಕೂರಿಸಿದ ಸ್ಪೀಕರಿನ ಲೋಹದ ಚೌಕಟ್ಟಿನ ಅಂಚನ್ನು ನೋಡಬೇಕು. ಅಮೆರಿಕದ ರೇಡಿಯೊ ತಯಾರಕರ ಸಂಘವು ತನ್ನ ಸದಸ್ಯರಿಗೆಲ್ಲ ಒಂದೊಂದು ಸಂಖ್ಯೆಯನ್ನು ಕೊಟ್ಟಿತ್ತು. ಜೆನ್ಸನ್ ಸಂಸ್ಥೆಗೆ 220, ರೋಲಾಗೆ 285, ಸಿ.ಟಿ.ಎಸ್. ಸಂಸ್ಥೆಗೆ 137. ಈ ಸಂಖ್ಯೆಯ ತರುವಾಯ ವರ್ಷವನ್ನೂ ಆ ವರ್ಷದ ವಾರವನ್ನೂ ಸೂಚಿಸುವ ಅಂಕೆಗಳು ಬರುತ್ತವೆ. 220632 ಎಂದಿದ್ದರೆ ಜೆನ್ಸನ್ ಕಾರ್ಖಾನೆಯಲ್ಲಿ, ಆರು ಎಂಬ ಅಂಕೆಯಿಂದ ಮುಗಿಯುವ ವರ್ಷದ ಮೂವತ್ತೆರಡನೆಯ ವಾರದಲ್ಲಿ, ಎಂದರೆ ಆಗಸ್ಟ್ ತಿಂಗಳಲ್ಲಿ, ಅದು ತಯಾರಾಯಿತೆಂದು ಅರ್ಥ. ಆ ವರ್ಷ 1946 ಆಗಿರಬಹುದು, 1956 ಆಗಿರಬಹುದು. ದಶಕವನ್ನು ಬರೆಯುವ ಅಗತ್ಯ ಅವರಿಗೆ ಆಗ ಕಂಡಿರಲಿಲ್ಲ, ಮುಂದೆ ವರ್ಷಕ್ಕೆ ಎರಡಂಕಿಗಳನ್ನು ಬಳಸತೊಡಗಿದ ಮೇಲೆ ಈ ಸಂದಿಗ್ಧವು ಪರಿಹಾರವಾಯಿತು. ಹೀಗೆ ವಾರದ ಮಟ್ಟಿಗೆ ನಿಖರವಾಗಿದ್ದು ದಶಕದ ಮಟ್ಟಿಗೆ ಮೌನವಾಗಿರುವ ಈ ಅಂಕೆಗಳನ್ನು ಅರ್ಥಮಾಡಿಕೊಳ್ಳಲು ಆಯಸ್ಕಾಂತದ ಸಹಾಯವನ್ನು ಪಡೆಯಬೇಕಾಗುತ್ತದೆ.

ಆಯಸ್ಕಾಂತದ ಚರಿತ್ರೆಯೇ ಧ್ವನಿವರ್ಧಕದ ಚರಿತ್ರೆಯೆಂದರೆ ಅತಿಶಯವಾಗದು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಲೇಖನದಿಂದ ಇಂದಿನ ಕಾಗದದ ಕೋನಿನ ಧ್ವನಿವರ್ಧಕವು ರೂಢಿಗೆ ಬಂದಾಗ, ಸಾಕಷ್ಟು ಬಲವುಳ್ಳ ಶಾಶ್ವತ ಆಯಸ್ಕಾಂತವು ಸುಲಭವಾಗಿ ದೊರೆಯುತ್ತಿರಲಿಲ್ಲವಾದುದರಿಂದ, ತಾಮ್ರದ ತಂತಿಯ ದಪ್ಪನೆಯ ಸುರುಳಿಗೆ ವಿದ್ಯುತ್ತನ್ನು ಹರಿಸಿ ಕಾಂತಶಕ್ತಿಯನ್ನು ಪಡೆಯುತ್ತಿದ್ದರು. ಧ್ವನಿಯ ಎರಡು ತಂತಿಗಳಲ್ಲದೆ ಇನ್ನೆರಡು ತಂತಿಗಳು ಬೆನ್ನಿನಿಂದ ಹೊರಟಿದ್ದರೆ ಅದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧಕ್ಕೆ ಹಿಂದಿನ ವಸ್ತು. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಇವುಗಳನ್ನು ಕಬ್ಬಿಣದೊಡನೆ ಬೆರೆಸಿದ ಅಲ್ನಿಕೊ ಎಂಬ ಮಿಶ್ರಲೋಹವು ಬಂದ ಮೇಲೆ ಆ ಸುರುಳಿಯ ಅಗತ್ಯ ತಪ್ಪಿತು. ಯುದ್ಧಾನಂತರದ ಶ್ರೇಷ್ಠ ಧ್ವನಿವರ್ಧಕಗಳಲ್ಲಿ ಹೆಚ್ಚಿನವು, ಲಂಡನ್ನಿನ ಟ್ಯಾನಾಯ್, ಬ್ರ್ಯಾಡ್‌ಫರ್ಡಿನ ವಾರ್ಫ್‌ಡೇಲ್, ಜೇಮ್ಸ್ ಲ್ಯಾನ್ಸಿಂಗನು 1946ರಲ್ಲಿ ಆರಂಭಿಸಿದ ಜೆ.ಬಿ.ಎಲ್. ಮೊದಲಾದುವು, ಈ ಅಲ್ನಿಕೊವನ್ನೇ ನೆಚ್ಚಿದ್ದುವು. 1950ರ ದಶಕದ ಆರಂಭದಲ್ಲಿ ಫಿಲಿಪ್ಸ್ ಸಂಸ್ಥೆಯ ಪ್ರಯೋಗಾಲಯದಿಂದ ಫೆರೈಟ್ ಎಂಬ ಕಪ್ಪು ಬಣ್ಣದ, ಪಿಂಗಾಣಿಯಂಥ, ಅಗ್ಗವಾದ ಆಯಸ್ಕಾಂತವು ಹೊರಬಂದಿತಾದರೂ ಉತ್ತಮ ದರ್ಜೆಯ ತಯಾರಕರಲ್ಲಿ ಹಲವರು ಅದರ ಕಡೆಗೆ ಬಹುಕಾಲ ತಿರುಗಿ ನೋಡಲಿಲ್ಲ.

ಅವರನ್ನು ತಿರುಗಿಸಿದುದು ಯುದ್ಧ. 1978ರಲ್ಲಿ ಆಫ್ರಿಕದ ಜೈರ್ ದೇಶದ ಶಾಬಾ ಪ್ರಾಂತಕ್ಕೆ ದಂಗೆಕೋರರು ನುಗ್ಗಿ ಕೋಲ್ವೇಜಿ ಎಂಬ ಗಣಿಪಟ್ಟಣವನ್ನು ಹಿಡಿದರು. ಜಗತ್ತಿನ ಕೋಬಾಲ್ಟಿನ ಬಹುಭಾಗವು ಅಂದು ಆ ಪ್ರಾಂತದ ಗಣಿಗಳಿಂದ ಬರುತ್ತಿದ್ದುದರಿಂದ ಅದರ ಬೆಲೆ ಏಕಾಏಕಿ ಏರಿ, ಅಲ್ನಿಕೊ ಧ್ವನಿವರ್ಧಕಗಳನ್ನು ತಯಾರಿಸುವುದೇ ದುಸ್ಸಾಧ್ಯವಾಯಿತು. ಒಂದೆರಡು ವರ್ಷಗಳೊಳಗಾಗಿ ಹೆಸರಾಂತ ಕಾರ್ಖಾನೆಗಳು ತಮ್ಮ ಮಾದರಿಗಳನ್ನು ಫೆರೈಟಿಗೆ ಹೊಂದಿಸಿ ಪುನಃ ರಚಿಸಿದುವು. ಜೆ.ಬಿ.ಎಲ್. ಸಂಸ್ಥೆಯ ಸ್ಟುಡಿಯೊ ಸ್ಪೀಕರುಗಳಲ್ಲಿ 2231ಎ ಎಂಬುದು ಅಲ್ನಿಕೊ, 2231ಎಚ್ ಎಂಬುದು ಫೆರೈಟ್. ಕೊನೆಯ ಒಂದಕ್ಷರದ ವ್ಯತ್ಯಾಸದ ಹಿಂದೆ ಗಣಿಪಟ್ಟಣದ ರಕ್ತಪಾತವಿದೆ. ಓದಲಾಗದಂತೆ ಅಕ್ಷರ ಅಳಿಸಿಹೋಗಿದ್ದರೂ ಚಿಂತೆಯಿಲ್ಲ: ಉಕ್ಕಿನ ಬಟ್ಟಲೊಳಗೆ ಅಡಗಿ ಕುಳಿತು ಹಿಂದಕ್ಕೆ ನೀಳವಾಗಿ ಚಾಚಿಕೊಂಡದ್ದು ಅಲ್ನಿಕೊ, ಎರಡು ಲೋಹದ ಫಲಕಗಳ ನಡುವೆ ಅಗಲವಾದ ಕಪ್ಪು ಬಳೆಯಾಗಿ ಬಯಲಿಗೆ ಕಾಣುವುದು ಫೆರೈಟ್. ಅಲ್ನಿಕೊ ಇದ್ದ ಮಾತ್ರಕ್ಕೆ ನಾದವು ಮಧುರವೆಂದು ನಂಬಿ ಅದಕ್ಕೆ ಇಮ್ಮಡಿ ಬೆಲೆ ಕೊಡುವವರ ಪಕ್ಷಕ್ಕೆ ನಾನು ಸೇರಿದವನಲ್ಲ. ಎರಡರಲ್ಲಿಯೂ ಒಳ್ಳೆಯವನ್ನೂ ಸಾಧಾರಣವಾದವನ್ನೂ ಕೇಳಿದ್ದೇನೆ. ಆದರೆ ಕಾಲನಿರ್ಣಯಕ್ಕೆ ಇದಕ್ಕಿಂತ ಸ್ಪಷ್ಟವಾದ ಗೆರೆ ಇನ್ನೊಂದು ಸಿಗುವುದು ದುರ್ಲಭ.

ಕೋನಿನ ಅಂಚನ್ನು ಪರೀಕ್ಷಿಸುವಾಗ ಬೆರಳನ್ನು ತುಂಬ ಹಗುರವಾಗಿ ಇಡಬೇಕು. ಹಿಂದಿನವರು ಕೋನಿನ ಕಾಗದವನ್ನೇ ಅಂಚಿನಲ್ಲಿ ನಿರಿಗೆಗೊಳಿಸುತ್ತಿದ್ದರು, ಇಲ್ಲವೆ ಬಟ್ಟೆಯನ್ನು ಅಂಟಿಸುತ್ತಿದ್ದರು. ಇವು ಅರವತ್ತು ಎಪ್ಪತ್ತು ವರ್ಷಗಳ ಮೇಲೂ ಗಟ್ಟಿಯಾಗಿಯೇ ಇರುವುದನ್ನು ಕಾಣಬಹುದು. 1960ರ ದಶಕದ ಕೊನೆಯಿಂದ ಈಚೆಗೆ ಅರ್ಧವೃತ್ತಾಕಾರದ ಪಾಲಿಯುರೆಥೇನ್ ಫೋಮ್ ಬಳಕೆಗೆ ಬಂದಿತು. ಅದು ಕೋನನ್ನು ಬಹಳ ಮೃದುವಾಗಿ ತೇಲಿಸುತ್ತದೆ, ನಿಜ. ಆದರೆ ಗಾಳಿಯ ತೇವದಿಂದ ಅದರ ಅಣುಬಂಧಗಳು ಕಳಚುತ್ತ ಹೋಗಿ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಜಿಗುಟಾಗಿ, ಪುಡಿಯಾಗಿ ಉದುರುತ್ತದೆ. ಆದುದರಿಂದ 1975ರ ಸ್ಪೀಕರಿನಲ್ಲಿ ಫೋಮ್ ಅಂಚು ಅಚ್ಚುಕಟ್ಟಾಗಿ ಉಳಿದಿದ್ದರೆ ಅದನ್ನು ಯಾರೋ ಬದಲಾಯಿಸಿದ್ದಾರೆಂದೇ ತಿಳಿಯತಕ್ಕದ್ದು. ಇಲ್ಲಿ ಒಂದು ಅಪವಾದವನ್ನು ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ: ವಾರ್ಫ್‌ಡೇಲಿನವರು 1950ರ ದಶಕದಲ್ಲಿಯೇ ಫೋಮ್ ಅಂಚನ್ನು ಬಳಸಿದ್ದರು, ಹೆಸರಿನ ಕೊನೆಯಲ್ಲಿ 'ಎಫ್.ಎಸ್.' ಎಂಬ ಅಕ್ಷರಗಳಿಂದ ಅದನ್ನು ಸೂಚಿಸುತ್ತಲೂ ಇದ್ದರು.

ಟ್ಯಾನಾಯ್ ಸಂಸ್ಥೆಯ ಡ್ಯುಯಲ್ ಕಾನ್ಸೆಂಟ್ರಿಕ್ ಸ್ಪೀಕರಿನ ವಿಷಯದಲ್ಲಿ ಈ ಅಂಚಿನ ಪರೀಕ್ಷೆ ಅತ್ಯಗತ್ಯ. ತಾರಸ್ವರದ ಕೊಂಬನ್ನು ಮಂದ್ರದ ಕೋನಿನ ನಟ್ಟನಡುವೆಯೇ ಇರಿಸಿದ ಆ ಅಪೂರ್ವ ರಚನೆಯು 1947ರಲ್ಲಿ ಪ್ರಕಟವಾಯಿತು. ಬೆನ್ನಿನ ಬಣ್ಣದಿಂದಲೇ ಅದರ ತಲೆಮಾರುಗಳನ್ನು ಗುರುತಿಸುತ್ತಾರೆ. ಮೊದಲು ಕಪ್ಪು, ಆಮೇಲೆ ಬೆಳ್ಳಿ, 1950ರ ದಶಕದ ಉತ್ತರಾರ್ಧದಲ್ಲಿ ಕೆಂಪು, 1967ರಲ್ಲಿ ಚಿನ್ನ, 1974ರಲ್ಲಿ ಎಚ್.ಪಿ.ಡಿ. ಎಂಬ ಹೆಸರಿನದು. ಈ ಕೊನೆಯದರ ಕೋನಿನ ಹಿಂಬದಿಯಲ್ಲಿ ಕಾಗದದ ಏಣುಗಳಿರುತ್ತವೆ, ಅಂಚು ಫೋಮಿನದು. ಚಿನ್ನದ ಬಣ್ಣದ ಆಯಸ್ಕಾಂತದ ಮೇಲೆ ಏಣುಗಳುಳ್ಳ ಕೋನ್ ಕುಳಿತಿದ್ದರೆ, ದೇಹವು ಒಂದು ಕಾಲದ್ದು, ಕಂಠವು ಇನ್ನೊಂದು ಕಾಲದ್ದು ಎಂದಾಯಿತು. ಅದನ್ನು ಬರಿಯ 1967ರ ವಸ್ತುವೆಂದು ಕರೆಯುವುದು ಸರಿಯಲ್ಲ. ಹಾಗೆಂದು ಅದನ್ನು ಕೀಳೆಂದು ತಳ್ಳುವುದೂ ಸರಿಯಲ್ಲ. ಎರಡು ವರ್ಷಗಳನ್ನೂ ಹೇಳಿ ಮಾರಿದರೆ ಯಾರಿಗೂ ವಂಚನೆಯಾಗದು.

ಸ್ಪೀಕರಿನ ವಿದ್ಯುತ್ ಪ್ರತಿರೋಧವನ್ನು ಅಳೆಯುವ ಓಂಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ವಾಲ್ವುಗಳ ಕಾಲದಲ್ಲಿ 15 ಅಥವಾ 16 ಓಂ ವಾಡಿಕೆಯಾಗಿತ್ತು. ಟ್ರಾನ್ಸಿಸ್ಟರ್ ಆಂಪ್ಲಿಫಯರುಗಳು ಬಂದ ಮೇಲೆ 8 ಓಂ ನೆಲೆಗೊಂಡಿತು. ಟ್ಯಾನಾಯಿಯ ಕೆಂಪು 15, ಚಿನ್ನ 8. ಇದನ್ನೇ ನಿಯಮವಾಗಿ ಹಿಡಿಯಲಾಗದು. ಬಿ.ಬಿ.ಸಿ.ಯವರು ತಮ್ಮ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ 1970ರ ದಶಕದಲ್ಲಿ ರೂಪಿಸಿದ ಎಲ್.ಎಸ್.3/5ಎ ಎಂಬ ಪುಟ್ಟ ಧ್ವನಿವರ್ಧಕವು ಟ್ರಾನ್ಸಿಸ್ಟರುಗಳ ನಡುವೆಯೂ 15 ಓಂ ಆಗಿತ್ತು, 1987ರ ಸುಮಾರಿಗೆ 11 ಓಂ ಆಯಿತು. ಮಂದ್ರ ತಾರಗಳನ್ನು ಬೇರ್ಪಡಿಸುವ, ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್ ಫಲಕದ ಕೆಪಾಸಿಟರುಗಳ ಮೇಲೆ ಎಷ್ಟೋ ವೇಳೆ ವಾರ ಮತ್ತು ವರ್ಷ ಅಚ್ಚಾಗಿರುತ್ತವೆ. ಬೆಸುಗೆಯನ್ನು ಯಾರೂ ಮುಟ್ಟಿರದಿದ್ದರೆ ಅವುಗಳ ಮಾತನ್ನು ಧಾರಾಳವಾಗಿ ನಂಬಬಹುದು. ರಿಪೇರಿ ಮಾಡುವವರು ಮೊದಲು ಕಿತ್ತು ಕಸದ ಬುಟ್ಟಿಗೆ ಹಾಕುವುದು ಇವನ್ನೇ. ಕೆಟ್ಟ ಕೆಪಾಸಿಟರನ್ನು ಬದಲಾಯಿಸಬಾರದೆಂದು ನಾನು ಹೇಳುತ್ತಿಲ್ಲ. ಬದಲಾಯಿಸಿದ ಮೇಲೆ ಹಳೆಯದನ್ನು ಒಂದು ಲಕೋಟೆಯಲ್ಲಿ ಹಾಕಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಬೇಕೆಂದು ಕೇಳಿಕೊಳ್ಳುತ್ತೇನೆ, ಅಷ್ಟೆ.

ಮೈಸೂರಿಗೂ ಈ ವಸ್ತುಗಳಿಗೂ ಹಳೆಯ ಸಂಬಂಧವುಂಟು. ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದಕ್ಕೆ ನೆರವು ನೀಡಿದರು, ಅಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣವನ್ನೊದಗಿಸಿದರು. ಅವರ ಆಹ್ವಾನದಂತೆ ಮೈಸೂರಿಗೆ ಬಂದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ನಿರ್ಮಾಪಕನು ಅರಮನೆಯ ವಿಪುಲವಾದ ರೆಕಾರ್ಡು ಸಂಗ್ರಹದೊಡನೆ ನಾನಾ ಬಗೆಯ ಧ್ವನಿವರ್ಧಕಗಳನ್ನೂ ಕಂಡುದಾಗಿ ಬರೆದಿದ್ದಾನೆ. ಸ್ಟೀರಿಯೊ ರೆಕಾರ್ಡು ಆಗಿನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಧ್ವನಿವರ್ಧಕಗಳನ್ನು ಜೋಡಿಯಾಗಿ ಕೊಳ್ಳುವ ಪದ್ಧತಿಯೇ ಇರದ ಕಾಲವದು. ಅರಸರಾಗಲಿ ಸಾಮಾನ್ಯರಾಗಲಿ ಒಂದು ಧ್ವನಿವರ್ಧಕದ ಎದುರಿಗೆ ಕುಳಿತು ಸಂಗೀತವನ್ನು ಕೇಳುತ್ತಿದ್ದರು.

ಅದೇ ಊರಿನ ಹಳೆಯ ಬಡಾವಣೆಯ ಮನೆಯೊಂದಕ್ಕೆ ಈಚೆಗೆ ಹೋಗಿದ್ದೆ. ಮನೆಯ ಹಿರಿಯರು 1950ರ ದಶಕದಲ್ಲಿ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋಗಿದ್ದವರು, ಈಗ ಅವರಿಲ್ಲ. ನಡುಮನೆಯಲ್ಲಿ ಬೀಟೆಮರದ ಎರಡು ಎತ್ತರವಾದ ಪೆಟ್ಟಿಗೆಗಳು, ಒಂದರ ಪಡಿಯಚ್ಚಿನಂತೆ ಇನ್ನೊಂದು. ಮೊಮ್ಮಗನಿಗೆ ಅವನ್ನು ಮಾರುವ ಯೋಚನೆಯಿತ್ತು. "ಸರ್, ಕೊಳ್ಳೋಕೆ ಬಂದಿದ್ದವರು ಇವೆರಡೂ ಒಂದೇ ಜೋಡಿ ಅಲ್ಲ ಅಂದ್ರು. ಅರ್ಧ ಬೆಲೆಗೆ ಕೇಳಿದ್ರು" ಎಂದನು. ಪೆಟ್ಟಿಗೆಗಳು ಮೈಸೂರಿನಲ್ಲಿಯೇ ಬಡಗಿಯಿಂದ ಮಾಡಿಸಿದುವಾದುದರಿಂದ ಅವುಗಳ ವಯಸ್ಸನ್ನು ಕಟ್ಟಿಕೊಂಡು ಏನೂ ಆಗುವಂತಿರಲಿಲ್ಲ. ವಾರ್ಫ್‌ಡೇಲ್ ಸಂಸ್ಥೆಯನ್ನು 1932ರಲ್ಲಿ ಸ್ಥಾಪಿಸಿದ ಗಿಲ್ಬರ್ಟ್ ಬ್ರಿಗ್ಸನು ಗ್ರಾಹಕರು ತಾವೇ ಪೆಟ್ಟಿಗೆಯನ್ನು ಕಟ್ಟಿಕೊಳ್ಳಲು ನೆರವಾಗುವಂಥ ಪುಸ್ತಕಗಳನ್ನು ಬರೆದು ಪ್ರಕಟಿಸುತ್ತಿದ್ದನು. ಸ್ಪೀಕರನ್ನು ಮಾತ್ರ ತಂದು, ಪೆಟ್ಟಿಗೆಯನ್ನು ಊರಿನ ಮರದಿಂದ ಕಟ್ಟಿಸುವುದು ಅಂದು ವಿವೇಕದ ಮಾರ್ಗವಾಗಿತ್ತು. ಹಿಂಬದಿಯ ಹಲಗೆಗಳನ್ನು ಬಿಚ್ಚಿಸಿದೆ. ಒಂದರಲ್ಲಿ ಬಟ್ಟೆಯ ಅಂಚಿನ ಎಂಟಂಗುಲದ ಸ್ಪೀಕರ್, ಚೀಟಿಯ ಮೇಲೆ 'ವಾರ್ಫ್‌ಡೇಲ್ ವೈರ್‌ಲೆಸ್ ವರ್ಕ್ಸ್'. ಇನ್ನೊಂದರಲ್ಲಿ ಅದೇ ಅಳತೆಯ ಫೋಮ್ ಅಂಚಿನದು, ಚೀಟಿಯ ಮೇಲೆ 'ರ‍್ಯಾಂಕ್ ವಾರ್ಫ್‌ಡೇಲ್'. ರ‍್ಯಾಂಕ್ ಸಂಸ್ಥೆಯವರು ವಾರ್ಫ್‌ಡೇಲನ್ನು ಕೊಂಡುದು 1958ರಲ್ಲಿ. ಹಾಗಾದರೆ ಎರಡನೆಯದು ಆ ವರ್ಷಕ್ಕಿಂತ ಹಿಂದಿನದಲ್ಲ. ಮೊದಲನೆಯದು ಆ ವರ್ಷಕ್ಕಿಂತ ಹೆಚ್ಚು ಈಚಿನದಲ್ಲ. ಬ್ರಿಟನ್ನಿನಲ್ಲಿ ಸ್ಟೀರಿಯೊ ರೆಕಾರ್ಡುಗಳು ಮಾರಾಟಕ್ಕೆ ಬಂದುದೂ ಅದೇ 1958ರಲ್ಲಿ.

ನಾನು ಹೀಗೆಂದು ವಿವರಿಸುತ್ತಿದ್ದಾಗ, ಒಳಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅಜ್ಜಿ ಮಾತಾಡಿದರು. "ಒಂದನ್ನು ಅವರು ಹಡಗಿನಲ್ಲಿ ಬರುವಾಗಲೇ ತಂದರಪ್ಪ. ಇನ್ನೊಂದನ್ನು ಆಮೇಲೆ ಸ್ನೇಹಿತರ ಕೈಲಿ ತರಿಸಿದ್ದು. ಇನ್ನು ಮೇಲೆ ಒಂದರಲ್ಲಿ ಕೇಳಿದರೆ ಸಾಲದಂತೆ, ಎರಡು ಬೇಕಂತೆ ಅಂದರು. ಆಚಾರಿಯನ್ನು ಕರೆಸಿ ಇದೇ ಅಳತೆಗೆ ಇನ್ನೊಂದು ಪೆಟ್ಟಿಗೆ ಮಾಡಿಸಿದರು."

ಕೊಳ್ಳಲು ಬಂದವರು ನ್ಯೂನತೆಯೆಂದು ಎಣಿಸಿದ್ದುದು ನನ್ನ ದೃಷ್ಟಿಯಲ್ಲಿ ಈ ಜೋಡಿಯ ಅತ್ಯಂತ ಬೆಲೆಯುಳ್ಳ ಗುಣ. ಒಂದೇ ವಾರದಲ್ಲಿ ಹುಟ್ಟಿದ ಅವಳಿಗಳು ಬೇಕಾದಷ್ಟು ಸಿಗುತ್ತವೆ. ಸ್ಟೀರಿಯೊ ಎಂಬುದು ಒಂದು ಮನೆಯನ್ನು ಪ್ರವೇಶಿಸಿದ ಕಾಲವನ್ನು ಎರಡು ಚೀಟಿಗಳಲ್ಲಿ ಹೀಗೆ ಬರೆದಿಟ್ಟುಕೊಂಡ ಜೋಡಿ ಅಪರೂಪ. ಫೋಮ್ ಅಂಚು ಮಾತ್ರ ಸವೆದಿತ್ತು. ಎರಡಕ್ಕೂ ಒಂದೇ ಬಗೆಯ ಹೊಸ ಕೋನನ್ನು ಕೂರಿಸಿದರೆ ಬೆಲೆ ಹೆಚ್ಚುವುದೇ ಎಂದು ಹುಡುಗನು ಕೇಳಿದನು. ಬೇಡವೆಂದೆ. ಸವೆದ ಅಂಚೊಂದನ್ನೇ, ಅದೇ ಫೋಮಿನಲ್ಲಿ, ಕೋನನ್ನು ಮುಟ್ಟದೆ ಬದಲಾಯಿಸಬಲ್ಲ ಕುಶಲಿಯೊಬ್ಬನ ವಿಳಾಸವನ್ನು ಕೊಟ್ಟು, ಕೆಲಸ ಮುಗಿದ ದಿನಾಂಕವನ್ನೂ ಬದಲಾದ ಭಾಗದ ಹೆಸರನ್ನೂ ಪೆಟ್ಟಿಗೆಯೊಳಗೆ ಬರೆದಿಡುವಂತೆ ಹೇಳಿದೆ. ಅಜ್ಜಿಯ ಮಾತನ್ನೂ ಅದರ ಕೆಳಗೆ ಬರೆದು, ಅವರ ಕೈಯಿಂದಲೇ ರುಜು ಹಾಕಿಸೆಂದೆ.